ಮಹಾರಾಣಿಯ ದನಿ

ಮಾರ್ಚ್ 4, ಬೆಳಿಗ್ಗೆ

ಎರಡನೇ ಕಾಫಿ. ಮೊಣಕಾಲು ನೋವು ಇದ್ದದ್ದೇ. ಪೇಪರಿನಲ್ಲಿ ಅರ್ಧ ಪುಟ ಅವಳದೇ ಫೋಟೋ. ಟಿವಿಯಲ್ಲಿ ಹಾಡಿನ ಕಾರ್ಯಕ್ರಮಕ್ಕೆ ನಾಂದಿ ಹಾಡಿದ ನಿರೂಪಕಿ ಇನ್ನಿಲ್ಲವಂತೆ. ಹಾಡಿದವರು ಬೇರೆ, ಬರೆದವರು ಬೇರೆ. ಇವಳು ನಡುವೆ ನಿಂತು 'ಮುಂದಿನ ಹಾಡು...' ಎಂದಳು. ಅಷ್ಟಕ್ಕೇ ಈ ಮೆರವಣಿಗೆ! ಚಾನೆಲ್‌ನ ಟೇಪ್ ರೂಮಿನಲ್ಲಿ ಕೆಲಸಕ್ಕಿದ್ದ ನಾವು ಅವಳನ್ನು ಮಹಾರಾಣಿ ಎನ್ನುತ್ತಿದ್ದೆವು. ಮೂರು ವರ್ಷ ಮೆರೆದಳು. ಗಂಟಲಿನ ಆಪರೇಷನ್ ಆಯಿತು, ದನಿ ಹೋಯಿತು. ಆಮೇಲೆ ಕ್ಯಾಮೆರಾ ಹಿಂದೆ ಕೂತು, ಚೀಟಿ ಬರೆದು ಬರೆದು ಹೊಸ ಹುಡುಗಿಯರನ್ನು ತಿದ್ದಿದಳು. ಅವರೆಲ್ಲ ಇವತ್ತು ಟಿವಿಯಲ್ಲಿ ಅಳುತ್ತಿದ್ದಾರೆ, ಮೇಕಪ್ ಕೆಡದಂತೆ.

ಮಾರ್ಚ್ 6

ಚಾನೆಲ್‌ನಿಂದ ಫೋನ್. ಈಗಿನ ಮುಖ್ಯಸ್ಥ. ತಲೆತುಂಬ ಜೆಲ್, ಒಳಗೆ ಏನಿದೆಯೋ ದೇವರೇ ಬಲ್ಲ.

"ಸಾರ್, ಮೇಡಮ್ ಮೇಲೆ ಒಂದು ಸ್ಪೆಷಲ್ ಮಾಡ್ತಿದೀವಿ. ಹಳೇ ಎಪಿಸೋಡ್ ಒಂದೂ ಸಿಗ್ತಿಲ್ಲ."

"ಎಲ್ಲಿಂದ ಸಿಗುತ್ತೆ? ಅಳಿಸಿದ್ದೇ ನಾನು."

"ಎಲ್ಲಾನೂ?"

"ಎಲ್ಲಾನೂ."

ಟೇಪಿಗೆ ಬರ ಇದ್ದ ಕಾಲ. ಪ್ರಸಾರವಾಗಿ ತಿಂಗಳಾದರೆ ಅಳಿಸು, ಅದರ ಮೇಲೇ ಹೊಸದನ್ನು ತುಂಬು — ಆಫೀಸಿನ ಕಾನೂನೇ ಹಾಗೆ. ಅವಳ ಮೊದಲ ಎಪಿಸೋಡಿನ ಮೇಲೆ ಹಲ್ಲುಜ್ಜುವ ಪಾಠ ಬಂತು. ಆಗ ಒಬ್ಬನೂ ಉಸಿರೆತ್ತಲಿಲ್ಲ. ಈಗ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುತ್ತಾರಂತೆ.

ಮಾರ್ಚ್ 10

ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡವರಿದ್ದರೆ ಕಳಿಸಿ ಎಂದು ಪ್ರಕಟಣೆ ಕೊಟ್ಟಿದ್ದರು. ಬಂದದ್ದು ಎರಡು ಮದುವೆ ಕ್ಯಾಸೆಟ್, ಒಂದು ಕುಸ್ತಿ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಮಾರ್ಚ್ 13, ಸಂಜೆ

ಅವಳ ಮಗಳು ಬಂದಿದ್ದಳು. ತಾಯಿಗೆ ಆಪರೇಷನ್ ಆದಾಗ ಇವಳು ಆರು ತಿಂಗಳ ಕೂಸು. ತಾಯಿಯ ದನಿಯ ನೆನಪೇ ಇಲ್ಲ. ಟೇಪಿನ ಜಗಳಕ್ಕೇ ಬಂದಳೆಂದು ಬಾಗಿಲಲ್ಲೇ ಕಾನೂನು ಒದರಿದೆ. ಕೇಳದೆಯೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಟೇಪ್ ವಿಷಯ ಗೊತ್ತು ಅಂಕಲ್. ನೀವು ಕ್ಯಾಂಟೀನಲ್ಲಿ ಅಮ್ಮನ ಥರ ಮಾತಾಡಿ ಎಲ್ಲರನ್ನೂ ನಗಿಸ್ತಿದ್ರಂತೆ?"

ಒಳಗೆ ಕರೆದು ಕುರ್ಚಿ ಎಳೆದು ಕೊಟ್ಟೆ.

"ಅಮ್ಮ ಬಾಗಿಲ ಹತ್ರ ನಿಂತು ಕೇಳಿದ್ಲಂತೆ. ನಂಗೆ ಬರೆದು ತೋರಿಸಿದ್ಲು, 'ನನ್ನ ದನಿ ಬೇಕಿದ್ರೆ ಟೇಪ್ ರೂಮಿನವನ ಹತ್ರ ಇದೆ' ಅಂತ. ಒಂದ್ಸಲ ಮಾಡಿ ಅಂಕಲ್."

ಬೇಡವೆಂದೆ. ಕೂತೇ ಇದ್ದಳು. ಕೊನೆಗೆ ಮಾಡಿದೆ — 'ನಮಸ್ಕಾರ, ಈ ವಾರದ ಹಾಡುಗಳಿಗೆ ಸ್ವಾಗತ'. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡಳು. "ಹೀಗಿತ್ತಾ! ಅಮ್ಮ ಹೀಗೆ ಮಾತಾಡ್ತಿದ್ಲಾ!" ಎಂದು ಅತ್ತಳು, ನಕ್ಕಳು. ನನ್ನ ಕೈ ಹಿಡಿದು ಥ್ಯಾಂಕ್ಸ್ ಬೇರೆ.

ಮಾರ್ಚ್ 21

ಎಂಟು ದಿನ ಬರೆಯಲಿಲ್ಲ. ಬರೆಯುವ ಮುಖವಿರಲಿಲ್ಲ.

ಮಗಳು ಒಯ್ದದ್ದು ತಾಯಿಯ ದನಿಯಲ್ಲ, ನನ್ನ ಅಣಕ. ಆ ಮೂಗುಸ್ವರ, ಆ ರಾಗ — ಕ್ಯಾಂಟೀನಿನ ನಗುವಿಗೆ ನಾನೇ ಸೇರಿಸಿದ್ದು. ಅದನ್ನೀಗ ತನ್ನ ಮಗುವಿಗೆ ದಿನಾ ಕೇಳಿಸುತ್ತಾಳಂತೆ, ಅಜ್ಜಿ ಎಂದು. ಜೆಲ್ ತಲೆಯವನು ಅವಳಿಂದ ಕೇಳಿ ಪಡೆದು ಭಾನುವಾರದ ಸ್ಪೆಷಲ್‌ಗೂ ಅದನ್ನೇ ಹಾಕುತ್ತಾನಂತೆ. ಥೂ, ನನ್ನ ಜನ್ಮಕ್ಕೆ.

ಫೋನ್ ಮಾಡಿದೆ. "ಅದು ಸರಿಯಾಗಿ ಬಂದಿಲ್ಲಮ್ಮ. ಇನ್ನೊಂದ್ಸಲ ಮಾಡ್ತೀನಿ, ಬಾ." ನಾಳೆ ಹತ್ತಕ್ಕೆ ಬರುತ್ತಾಳೆ.

ಮಾರ್ಚ್ 22, ಬೆಳಿಗ್ಗೆ 9.40

ಏಳರಿಂದ ಕನ್ನಡಿ ಮುಂದೆ. ಬಾಯಿ ತೆರೆದರೆ ಅಣಕವೇ ಬರುತ್ತದೆ. ಮಹಾರಾಣಿಯದ್ದು ತಗ್ಗಿದ ದನಿ. ಮೂಗಿನದಲ್ಲ. ಹಾಡಿನ ಹೆಸರು ಹೇಳುವ ಮುಂಚೆ ಸಣ್ಣಗೆ ಉಸಿರೆಳೆದುಕೊಳ್ಳುತ್ತಿದ್ದಳು, ತಾನೂ ಮೊದಲ ಸಲ ಕೇಳುವವಳಂತೆ. ಚೆನ್ನಾಗಿತ್ತು. ಆಗಲೂ ಗೊತ್ತಿತ್ತು, ಚೆನ್ನಾಗಿತ್ತು.

ಇನ್ನೊಮ್ಮೆ. ಮೂಗು ಬೇಡ. ಮೊದಲು ಉಸಿರು. ಆಮೇಲೆ ಮೆಲ್ಲಗೆ —

ಇಲ್ಲ. ಹೀಗಲ್ಲ. ಅವಳು 'ನಮಸ್ಕಾರ' ಅನ್ನುವಾಗ —