ಕೊಟ್ರವ್ವನ ಅಪ್ಪನ ಹೆಸರು

ದಾವಣಗೆರೆ, 12 ಮಾರ್ಚ್ 1957, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಮನೆತನದ ಮೂಲ ಹುಡುಕುತ್ತೇನೆಂದು ಅಜ್ಜಿಯನ್ನು ಇವತ್ತು ಹರಿಹರದ ಹಳೆಯ ಚರ್ಚಿಗೆ ಕರೆದೊಯ್ದದ್ದು ನಾನೇ. ಅಜ್ಜಿ, ಪ್ಲೇಗಿನ ವರ್ಷ ಒಂಟಿಯಾಗಿ ಸಿಕ್ಕ ಎಂಟು ವರ್ಷದ ಕೊಟ್ರವ್ವ, ಅಲ್ಲೇ ಜ್ಞಾನಸ್ನಾನ ಪಡೆದು ರೋಸಮ್ಮ ಆದವಳು. ಚರ್ಚಿನ ಪಾದ್ರಿ ಸ್ವಾಮಿಗಳು ಜ್ಞಾನಸ್ನಾನದ ಪುಸ್ತಕದ ಲ್ಯಾಟಿನ್ ಸಾಲು ಓದಿ ಕನ್ನಡದಲ್ಲಿ ಹೇಳಿದರು: “ರೋಸಾ. ಅನಾಥೆ. ಊರು ತಿಳಿಯದು. ತಂದೆ ಯಾರೋ ತಿಳಿಯದು.”

ಅಜ್ಜಿ ಎದ್ದು ನಿಂತಳು. “ಯಾಕ ತಿಳಿಯದು? ಕೊಕ್ಕನೂರು ಸಣ್ಣಬೀರಪ್ಪನ ಮಗಳು ಅಂತ ಅವತ್ತೇ ಹೇಳಿದ್ನಲ್ರಿ!”

ಎಂಟು ವರ್ಷದ ಮಗುವಿಗೆ ಅಪ್ಪನ ಹೆಸರು ಗೊತ್ತಿರುವುದಿಲ್ಲವೇ? ಬರೆದವನಿಗೆ ಕೇಳಿಸಿಕೊಳ್ಳುವ ವ್ಯವಧಾನ ಇರಲಿಲ್ಲ, ಅಷ್ಟೇ. ಈಗಲಾದರೂ ಸೇರಿಸಿ ಎಂದೆ. ಹಳೆಯ ದಾಖಲೆ ತಿದ್ದುವಂತಿಲ್ಲವಂತೆ. “ಮುಂದೆ ಮರಣದ ಪುಸ್ತಕದಾಗೆ ಬರೀಬಹುದು,” ಎಂದರು ಸ್ವಾಮಿಗಳು, ಮೆಲ್ಲಗೆ.

ಅಂದರೆ ಅಪ್ಪನ ಹೆಸರು ಸಿಗಬೇಕಾದರೆ ಅಜ್ಜಿ ಸಾಯಬೇಕು! ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈಮುಗಿದು, “ಅಷ್ಟಾದ್ರೂ ಬರೀರಿ ಸ್ವಾಮಿ, ಮರೀಬ್ಯಾಡ್ರಿ,” ಎಂದಳು.

ಬಸ್ಸಿನಲ್ಲಿ ಅವಳ ಮೇಲೂ ರೇಗಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕೈಮುಗಿಯಬೇಕಾದವಳು ಅವಳೇ?