ಇನ್ನೊಂದು ಗೇಣು

ಬಂಡ್ರಿ
14 ಡಿಸೆಂಬರ್ 2008

ಚಿರಂಜೀವಿ ತಮ್ಮ ರೇವಣಸಿದ್ದನಿಗೆ ಅಕ್ಕ ಮಾಡುವ ಆಶೀರ್ವಾದ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಮುನಿಸಿಕೋ, ಆದರೆ ಇದನ್ನು ಓದಿ ಮುಗಿಸಿದ ಮೇಲೆ. ನಮ್ಮ ಹಳ್ಳದ ಒರತೆಗೆ ನೀರು ಬಂತು ತಮ್ಮಾ! ಇವತ್ತು ಬೆಳಿಗ್ಗೆ ಮರಳು ತೋಡಿ, ಬಟ್ಟಲಲ್ಲಿ ಮೊಗೆದು ಕೊಡ ತುಂಬಿಕೊಂಡೆ. ಐದು ವರ್ಷದ ಮೇಲೆ! ಎಲ್ಲರಿಗೂ ಕಾಣಲಿ ಎಂದು ಬೇಕಂತಲೇ ಊರೆಲ್ಲ ಸುತ್ತಿ ಮನೆಗೆ ಬಂದೆ.

ಕಂಪ್ಲಿಯ ಕಾಲುವೆ ಪಕ್ಕದಲ್ಲಿರುವ ನಿನಗೆ ನಮ್ಮ ಪಾಡು ಮರೆತಿರಬಹುದು. ಗಣಿಯವರು ಲಾರಿಗಾಗಿ ಹಳ್ಳಕ್ಕೆ ಅಡ್ಡ ಮಣ್ಣಿನ ದಾರಿ ಹಾಕಿ, ನೀರು ಹೋಗಲು ಎರಡೇ ಪೈಪು ಇಟ್ಟರಲ್ಲ, ಆಗಿನಿಂದ ಗುಡ್ಡದ ಕೆಂಪು ಕೆಸರು ಹರಿದು ಹೋಗದೆ ಮರಳಿನ ಮೇಲೆ ಕೂತು ಸಾರಿಸಿದ ನೆಲದಂತೆ ಗಟ್ಟಿಯಾಯಿತು. ಮೊಣಕೈ ಆಳಕ್ಕೂ ನೀರು ಸಿಗದಿದ್ದರೆ ಗಂಗಮ್ಮ ಮುನಿದಿದ್ದಾಳೆ, ಮುಂದೆ ಕೆದಕಬಾರದು ಅನ್ನುವುದು ಹಿರಿಯರ ಮಾತು. ನಾವೂ ಕೈಮುಗಿದು ಟ್ಯಾಂಕರಿಗೆ ಸಾಲು ನಿಂತೆವು.

ದಾರಿ ತೆಗೆಸಿ ಎಂದು ನಾವು ಕೊಟ್ಟ ಅರ್ಜಿ ನೋಡಿ ಏಪ್ರಿಲ್‌ನಲ್ಲಿ ತಾಲ್ಲೂಕು ಕಚೇರಿಯಿಂದ ಒಬ್ಬ ಸಾಹೇಬರು ಹಳ್ಳಕ್ಕೆ ಬಂದರು. ಜೊತೆಗಿದ್ದ ಗಣಿಯ ಮ್ಯಾನೇಜರ್ ನಗುತ್ತಾ, "ಹಳ್ಳನೇ ಬತ್ತೈತಿ ಸಾರ್, ದಾರಿ ಏನ್ ಮಾಡ್ತೈತಿ?" ಅಂದ. ನೆರೆಮನೆ ದುರ್ಗಕ್ಕನ ಸಿಟ್ಟು ನಿನಗೆ ಗೊತ್ತಲ್ಲ. ಸೀರೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ಅಲ್ಲೇ ಅಗೆದಳು. ಮೊಣಕೈ ಆಳ ದಾಟಿತು.

"ಸಾಕು ದುರ್ಗಕ್ಕ, ಬ್ಯಾಡ" ಅಂದೆ.

"ಗಂಗಮ್ಮ ಮುನಿದ್ರ ನನ್ ಮ್ಯಾಲೆ ಮುನೀಲಿ, ನೀ ಸರಿ ಆಕಡಿ" ಅಂದಳು.

ಇನ್ನೊಂದು ಗೇಣು ಅಷ್ಟೆ. ಬಿಳಿ ಮರಳು ಬಂತು, ಹಿಂದೆಯೇ ನೀರು! ತಿಳಿಯಾಗುವ ತನಕ ಕಾದು ಬಟ್ಟಲು ತುಂಬಿ ಸಾಹೇಬರ ಕೈಗಿಟ್ಟಳು. "ನೀರು ಬತ್ತಿಲ್ರಿ, ಇವ್ರು ಮ್ಯಾಲೆ ಮುಚ್ಚಳ ಹಾಕ್ಯಾರ. ಕುಡೀರಿ." ಅವರು ಕುಡಿದರು. ಮ್ಯಾನೇಜರ್ ಮುಖ ನೋಡಬೇಕಿತ್ತು, ಇಂಗು ತಿಂದ ಮಂಗ!

ಮೇ ತಿಂಗಳಲ್ಲಿ ದಾರಿ ಒಡೆಸಿದರು, ಗಣಿ ಮಣ್ಣು ಇಳಿಯದಂತೆ ಗುಡ್ಡದ ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿಸಿದರು. ನಾವು ಹೆಂಗಸರು ಕೆಸರು ಕೆರೆದು ಬುಟ್ಟಿಯಲ್ಲಿ ಹೊತ್ತು ಹಾಕಿದೆವು. ಉಳಿದದ್ದನ್ನು ಮಳೆಗಾಲದ ಹಳ್ಳವೇ ತೊಳೆದುಕೊಂಡಿತು. ಹರಿವು ನಿಂತ ಮೇಲೆ ಇವತ್ತೇ ಮೊದಲ ಸಲ ಒರತೆ ತೋಡಿದ್ದು. ಗೆದ್ದೆವು ತಮ್ಮಾ!

ಕೊಟ್ರಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಬಾ. ಒರತೆ ನೀರಿನಲ್ಲಿ ಬೇಳೆ ಬೇಯಿಸಿ ಹಾಕುತ್ತೇನೆ. ನಿಮ್ಮ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ,
ಅಕ್ಕನಾಗಮ್ಮ

ತಾ.ಕ.: ಹೋದ ವರ್ಷ ಹೇಗೋ ಒಂದು ಬಟ್ಟಲು ಒರತೆ ನೀರು ಸಿಕ್ಕಿತು, ಅವ್ವ ಅದನ್ನು ಕುಡಿದೇ ಕಣ್ಣು ಮುಚ್ಚಿದಳೆಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಕೊಟ್ಟಿದ್ದು ಟ್ಯಾಂಕರ್ ನೀರು. ಒಂದು ಗುಟುಕು ಕುಡಿದು, "ಇದು ನಮ್ಮ ಹಳ್ಳದ್ದಲ್ಲ ಬಿಡವ್ವಾ" ಅಂತ ಮುಖ ತಿರುಗಿಸಿದಳು. ಒರತೆ ನೀರು ಬೇಕೆಂದು ಅವಳು ಕೇಳಿದಾಗ ನಾನು ಹಳ್ಳಕ್ಕೆ ಓಡಿದ್ದೆ, ಮೊಣಕೈ ಆಳ ತೋಡಿ, ಕೈಮುಗಿದು ಎದ್ದು ಬಂದಿದ್ದೆ. ದುರ್ಗಕ್ಕ ಅಗೆದ ದಿನದಿಂದ ನಿನಗೆ ಕಾಗದ ಬರೆಯಲು ಕೈ ಏಳಲಿಲ್ಲ. ಇವತ್ತಿನ ಮೊದಲ ಬಟ್ಟಲು ಎತ್ತಿಟ್ಟಿದ್ದೇನೆ. ಅವ್ವನ ಸಮಾಧಿಗೆ ಒಬ್ಬಳೇ ಹೋಗಲು ನನ್ನಿಂದ ಆಗುತ್ತಿಲ್ಲ. ನೀನು ಬಾ.