ಹದಿನೇಳರ ಮಗ್ಗಿ

ಅಫಜಲಪುರ
೧೬ ಡಿಸೆಂಬರ್ ೧೯೯೫

ಪ್ರೀತಿಯ ಗೌಸಿಯಾ,

ನಮಸ್ಕಾರ, ಸಲಾಂ ಎರಡೂ ಮುಟ್ಟಲಿ. ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಟೀಚರ್ ಟ್ರೇನಿಂಗಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವಳು ಜೇವರ್ಗಿಗೆ ಎರಡು ಸಾಲು ಬರೆಯಲಾರಳೇ ಎಂದು ಬೈದಿರುತ್ತೀ. ಬೈ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ.

ವಿಡಿಯೋ ಗೇಮಿನಿಂದ ಮಕ್ಕಳು ನಿಜವಾಗಿ ಕಲಿಯುತ್ತಾರೆಯೇ, ನಿನ್ನ ಮಗ ಸಲಾವುದ್ದೀನನಿಗೂ ಒಂದು ತರಿಸಲೇ ಎಂದು ನೀನು ಕೇಳಿದ್ದೆ. ಕಲಿಯುತ್ತಾರೆ. ನಮ್ಮವರು ಸೊಲ್ಲಾಪುರದಿಂದ ತಂದ ಡಬ್ಬಿಯನ್ನು ಟಿ.ವಿ.ಗೆ ಸಿಕ್ಕಿಸಿ ಲೆಕ್ಕದ ಕ್ಯಾಸೆಟ್ ಹಾಕಿದರೆ ಒಂದು ಹೊಳೆ, ಸಾಲು ಕಲ್ಲು, ಒಂದು ಕಪ್ಪೆ ಕಾಣುತ್ತವೆ. ಮಗ್ಗಿಯ ಉತ್ತರ ಸರಿಯಾಗಿ ಒತ್ತಿದರೆ ಕಪ್ಪೆ ಮುಂದಿನ ಕಲ್ಲಿಗೆ ಹಾರುತ್ತದೆ. ತಪ್ಪಿದರೆ ಪರದೆಯೆಲ್ಲ ಕೆಂಪು, ಬಿಳಿ, ಕೆಂಪು ಎಂದು ಪಟಪಟ ಮಿಂಚುತ್ತದೆ. ಹತ್ತು ವರ್ಷದ ನಮ್ಮ ಮಗಳು ಮಾಣಿಕ ಛಡಿ ತೋರಿಸಿದರೂ ಏಳರ ಮಗ್ಗಿ ದಾಟದವಳು, ಒಂದೇ ತಿಂಗಳಲ್ಲಿ ಹದಿನಾರಕ್ಕೆ ಬಂದಳು. ಓಣಿಯ ಮಕ್ಕಳೆಲ್ಲ ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕುಳಿತರು. ನೆರೆಮನೆಯ ಮಲಂಗಸಾಬರು ಮೊಮ್ಮಗಳನ್ನು ಕರೆತಂದು, "ಬಾಯಾರ, ಇಕಿಗೂ ಆ ಕಪ್ಪಿ ವಿದ್ಯಾ ಹಚ್ರಿ" ಎಂದರು. ನಾನು ಉಬ್ಬಿಹೋಗಿದ್ದೆ. ಫೆಬ್ರುವರಿಯ ವಸತಿ ಶಾಲೆ ಪ್ರವೇಶ ಪರೀಕ್ಷೆಯಲ್ಲಿ ಮಾಣಿಕ ಪಾಸಾಗುವುದು ಗ್ಯಾರಂಟಿ ಎಂದು ಕಂಡಕಂಡವರಿಗೆ ಹೇಳಿದ್ದೆ.

ದಸರೆಯ ನಂತರ ಅವಳಿಗೆ ಮೂರ್ಛೆ ಬರತೊಡಗಿತು. ಕಣ್ಣು ಮೇಲಾಗಿ, ಕೈಕಾಲು ಸೆಟೆದು ಬೀಳುತ್ತಾಳೆ. ನಮ್ಮ ಅತ್ತೆ ಒಂದೇ ಮಾತಿಗೆ ತೀರ್ಪು ಕೊಟ್ಟರು: "ಪೋರಿಗಿ ಗಾಳಿ ಸೋಕ್ಯದ. ಗಾಣಗಾಪುರಕ್ಕ ನಡೀರಿ." ಗಾಳಿ ಬಿಡಿಸುವ ಅಲ್ಲಿಯ ಗುಡಿಗೆ ಐದು ಗುರುವಾರದ ಸೇವೆ ಬೇಡಿಕೊಂಡಿದ್ದಾರೆ. ಜೋಳಿಗೆ ಹಾಕಿ ಐದು ಮನೆ ಭಿಕ್ಷೆ ಬೇಡಿಸುತ್ತಾರೆ, ಮಧ್ಯಾಹ್ನದ ಆರತಿಗೆ ನಿಲ್ಲಿಸುತ್ತಾರೆ. ಗಾಳಿ ಸೋಕಿದವರು ಕಂಬ ಹತ್ತಿ ಕೂಗುವಾಗ ಮಾಣಿಕ ನನ್ನ ಸೆರಗು ಹಿಡಿದು ನೋಡುತ್ತಾಳೆ. ಮೂರು ಗುರುವಾರ ಮುಗಿದವು. ಟಿ.ವಿ.ಗೆ ಚಾದರ ಹೊದಿಸಿಯೂ ತಿಂಗಳಾಯಿತು. ಆದರೂ ಈಗ ದಿನಕ್ಕೆ ಎರಡು ಸಲ ಬೀಳುತ್ತಾಳೆ.

ಮನೆಯವರಿಗೆಲ್ಲ ಸಲಾಂ ಹೇಳು. ಸಲಾವುದ್ದೀನನಿಗೆ ನನ್ನ ಆಶೀರ್ವಾದ, ಗಟ್ಟಿಮುಟ್ಟಾಗಿ ಬೆಳೆಯಲಿ.

ನಿನ್ನ
ಶಾರದಾಬಾಯಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಆ ಡಬ್ಬಿ ತರಿಸಬೇಡ. ಮಾಣಿಕ ಮೊದಲ ಸಲ ಬಿದ್ದದ್ದು ನನ್ನ ಕಣ್ಣೆದುರೇ. ಹದಿನೇಳರ ಮಗ್ಗಿ ತಪ್ಪುತ್ತಲೇ ಇದ್ದಳು, ಪರದೆ ಮಿಂಚುತ್ತಲೇ ಇತ್ತು. "ಅವ್ವಾ, ಕಣ್ಣಾಗ ಹೆಂಗೋ ಆಗಾಕತ್ತದ, ಇವತ್ತಿಗಿ ಸಾಕು" ಅಂದಳು. ನಾನು ಬಿಡಲಿಲ್ಲ. ಮರುದಿನ ಮತ್ತೆ ಕೂರಿಸಿದೆ, ಮತ್ತೆ ಬಿದ್ದಳು. ಬೀಳುವ ಮುಂಚೆ ಏನು ಮಾಡುತ್ತಿದ್ದಳು ಎಂದು ಡಾಕ್ಟರು ಕೇಳಿದಾಗ ಊಟ ಮಾಡುತ್ತಿದ್ದಳು ಎಂದೆ. ಅಶಕ್ತತನ ಎಂದು ಟಾನಿಕ್ ಕೊಟ್ಟರು. ನಿಜ ಹೇಳಿದರೆ ಓಣಿಯ ಅಷ್ಟೂ ತಾಯಂದಿರಿಗೆ ಯಾವ ಮುಖ ತೋರಿಸಲಿ? ಅತ್ತೆ ಗಾಳಿ ಅಂದಾಗ, ಗೌಸಿಯಾ, ನನಗೆ ಹೋದ ಜೀವ ಬಂದಂತಾಯಿತು. ಗಾಳಿಯಾದರೆ ತಪ್ಪು ನನ್ನದಲ್ಲವಲ್ಲ. ನಿನ್ನೆ ತಲೆ ಬಾಚುವಾಗ ಮಾಣಿಕ ಕೇಳಿದಳು: "ಅವ್ವಾ, ನನ್ನೊಳಗ ಯಾರದಾರ?" ನಾನು ಹೆರಳು ಹಾಕಿ ರಿಬ್ಬನ್ ಕಟ್ಟಿದೆ.